ಬಾಲವನದ ಕಲಾಗುರು ಡಾ. ಶಿವರಾಮ ಕಾರಂತರು

ಹನ್ನೆರಡನೆಯ ಶತಮಾನದ ಶಿವಶರಣರು ಯಾವ ಕಾಯಕವನ್ನೂ ಕೀಳೆಂದು ಬಗೆದವರಲ್ಲ. ವೇಷ ಕಟ್ಟಿ ಜನರನ್ನು ರಂಜಿಸುತ್ತಿದ್ದ ಬಹುರೂಪಿ ಚೌಡಯ್ಯ, ಕಿನ್ನರಿ ನುಡಿಸುತ್ತಿದ್ದ ಬೊಮ್ಮಯ್ಯ, ಢಕ್ಕೆ ಬಾರಿಸುತ್ತಿದ್ದ ಬೊಮ್ಮಣ್ಣ ಇವರೆಲ್ಲರೂ ಶರಣಸಂಕುಲದಲ್ಲಿ ಮಾನ್ಯರಾದವರೇ. ಕಲೆಯೂ ಒಂದು ಕಾಯಕ, ಅದನ್ನು ನಡೆಸುವವನೂ ಶರಣನೆಂಬ ಭಾವನೆ ಅಂದು ಬೇರೂರಿತ್ತು. ಕಾಲ ಕಳೆದಂತೆ ಈ ಭಾವನೆ ಮಸುಕಾಯಿತು. ವಿದ್ಯೆಯೆಂದರೆ ಓದು, ಬರಹ, ಲೆಕ್ಕ ಇಷ್ಟೇ ಎಂಬ ತಿಳಿವಳಿಕೆ ಬಲವಾಗಿ, ಕುಣಿತವು ಹಗುರವಾದ ವಿನೋದವೆಂದೂ ಚಿತ್ರ ಬರೆಯುವುದು ಹೊತ್ತು ಕಳೆಯುವ ಉಪಾಯವೆಂದೂ ತಂದೆತಾಯಿಗಳೂ ಉಪಾಧ್ಯಾಯರೂ ತಿಳಿಯುವಂತಾಯಿತು. ಶಾಲೆಗಳಲ್ಲಿ ಇವೆರಡಕ್ಕೂ ವರ್ಷಕ್ಕೊಮ್ಮೆ, ಸ್ನೇಹಸಮ್ಮೇಳನದ ದಿನ ಮಾತ್ರ, ಎಡೆ ದೊರೆಯತೊಡಗಿತು.

ಈ ತಿಳಿವಳಿಕೆಯನ್ನು ಒಪ್ಪದೆ, ಮಗುವಿನ ಕೈಕಾಲು ಕಣ್ಣುಗಳಿಗೆ ಶಿಕ್ಷಣವಿಲ್ಲದ ಓದು ಅರ್ಧ ಓದೆಂದು ನಂಬಿ, ಆ ನಂಬಿಕೆಗಾಗಿ ತಮ್ಮ ದುಡಿಮೆಯನ್ನೂ ನೆಮ್ಮದಿಯನ್ನೂ ಪಣವಾಗಿಟ್ಟವರು ಕೋಟ ಶಿವರಾಮ ಕಾರಂತರು. ಕನ್ನಡಿಗರು ಅವರನ್ನು ಕಾದಂಬರಿಕಾರರೆಂದು ಬಲ್ಲರು; ಜ್ಞಾನಪೀಠ ಪ್ರಶಸ್ತಿಯನ್ನು ಕನ್ನಡಕ್ಕೆ ತಂದವರೆಂದು ಬಲ್ಲರು. ಆದರೆ ಆಯುಷ್ಯದ ಉತ್ಸಾಹದ ವರ್ಷಗಳನ್ನು ಅವರು ಪುತ್ತೂರೆಂಬ ಸಣ್ಣ ಊರಿನಲ್ಲಿ ಮಕ್ಕಳಿಗೆ ಕುಣಿತ ಕಲಿಸುವುದರಲ್ಲಿ ಕಳೆದರೆಂಬುದನ್ನೂ, ಮುಪ್ಪಿನಲ್ಲಿ ಕುಂಚ ಹಿಡಿದು ಬಣ್ಣಗಳೊಡನೆ ಹೊಸ ಬಾಳನ್ನು ಆರಂಭಿಸಿದರೆಂಬುದನ್ನೂ ಬಲ್ಲವರು ಕಡಿಮೆ. ಅವರ ಬಾಳಿನ ಈ ಮುಖವೇ ಶಾಲೆಗಳನ್ನು ನಡೆಸುವವರಿಗೆ ಹೆಚ್ಚು ಬೋಧಪ್ರದವಾದುದು.

ಕಾರಂತರು ಹುಟ್ಟಿದುದು ೧೯೦೨ನೆಯ ಇಸವಿ ಅಕ್ಟೋಬರ್ ೧೦ರಂದು, ದಕ್ಷಿಣ ಕನ್ನಡ ಜಿಲ್ಲೆಯ ಕುಂದಾಪುರದ ಸಮೀಪದ ಕೋಟ ಗ್ರಾಮದಲ್ಲಿ. ಈಗ ಆ ಊರು ಉಡುಪಿ ಜಿಲ್ಲೆಗೆ ಸೇರಿದೆ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮನವರು. ಒಂದು ಕಡೆ ಕಡಲು, ಇನ್ನೊಂದು ಕಡೆ ಗದ್ದೆ ತೋಟಗಳು. ಮಳೆಗಾಲ ಕಳೆದು ಸುಗ್ಗಿಯ ಹೊತ್ತು ಬಂದಿತೆಂದರೆ ಇರುಳೆಲ್ಲ ಚಂಡೆ ಮದ್ದಳೆಗಳ ದನಿ. ಬಯಲಿನಲ್ಲಿ ದೀವಟಿಗೆಯ ಬೆಳಕಿನಲ್ಲಿ ನಡೆಯುತ್ತಿದ್ದ ಯಕ್ಷಗಾನದ ಆಟವೇ ಆ ಸೀಮೆಯ ಮಕ್ಕಳಿಗೆ ಪುರಾಣಪಾಠ, ಸಂಗೀತಪಾಠ, ವರ್ಣಪಾಠ ಎಲ್ಲವೂ ಆಗಿತ್ತು. ನಮ್ಮ ಬಯಲುಸೀಮೆಯ ಹುಡುಗರು ದೊಡ್ಡಾಟ ಸಣ್ಣಾಟಗಳನ್ನು ನೋಡಿ ಬೆಳೆದಂತೆಯೇ ಬಾಲಕ ಶಿವರಾಮನೂ ಆಟಗಳನ್ನು ನೋಡುತ್ತ ಬೆಳೆದನು. ಆ ಬಣ್ಣ, ಆ ಗತ್ತು ಅವರ ಚಿತ್ತಭಿತ್ತಿಯಿಂದ ಕೊನೆಯ ತನಕವೂ ಅಳಿಯಲಿಲ್ಲ.

ಮಂಗಳೂರಿನಲ್ಲಿ ಕಾಲೇಜು ವಿದ್ಯಾಭ್ಯಾಸ ನಡೆಯುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳುವಳಿಯ ಕರೆ ಕಿವಿಗೆ ಬಿದ್ದಿತು. ತರುಣ ಕಾರಂತರು ಓದನ್ನು ಅರ್ಧಕ್ಕೆ ನಿಲ್ಲಿಸಿ ಹೊರಬಂದರು. ಖಾದಿಯ ಪ್ರಚಾರ, ಸ್ವದೇಶಿಯ ಪ್ರಚಾರಗಳಲ್ಲಿ ಕೆಲವು ವರ್ಷ ಹಳ್ಳಿಹಳ್ಳಿಗಳನ್ನು ಸುತ್ತಿದರು, ‘ವಸಂತ’ವೆಂಬ ಪತ್ರಿಕೆಯನ್ನು ನಡೆಸಿದರು, ನಾಟಕಗಳನ್ನು ಬರೆದು ಆಡಿಸಿದರು. ಪದವಿಯ ಹಂಗಿಲ್ಲದ ಈ ಅಲೆದಾಟವೇ ಅವರ ನಿಜವಾದ ವಿಶ್ವವಿದ್ಯಾಲಯವಾಯಿತು. ಕಣ್ಣಿಂದ ಕಂಡುದನ್ನೇ ನಂಬಬೇಕು, ಕೈಯಿಂದ ಮಾಡಿಯೇ ಕಲಿಯಬೇಕು ಎಂಬ ಅವರ ಶಿಕ್ಷಣತತ್ತ್ವ ಮೊಳೆತುದು ಈ ಅವಧಿಯಲ್ಲಿಯೇ. ಹೊಸದಾಗಿ ಬಂದಿದ್ದ ಚಲನಚಿತ್ರದ ಯಂತ್ರವನ್ನೂ ಅವರು ಬಿಡಲಿಲ್ಲ. ಮಾತಿಲ್ಲದ ಚಿತ್ರಗಳ ಆ ಕಾಲದಲ್ಲಿ, ೧೯೩೦ರ ಸುಮಾರಿಗೆ, ಅಸ್ಪೃಶ್ಯತೆಯ ಸಮಸ್ಯೆಯನ್ನು ಕುರಿತ ‘ಡೊಮಿಂಗೋ’ ಎಂಬ ಮೂಕಿ ಚಿತ್ರವನ್ನೂ, ಅನಂತರ ‘ಭೂತರಾಜ್ಯ’ ಎಂಬುದನ್ನೂ ತಯಾರಿಸಿದರು. ಅವು ಹಣ ತರಲಿಲ್ಲ. ಆದರೆ ಮಾತಿನ ನೆರವಿಲ್ಲದೆ ಬರಿಯ ಅಂಗಚಲನೆಯಿಂದ ಭಾವವನ್ನು ತೋರಿಸುವುದು ಹೇಗೆಂಬ ಪ್ರಶ್ನೆ, ಮುಂದೆ ನಾಟ್ಯದಲ್ಲಿಯೂ ಅವರನ್ನು ಬಿಡದೆ ಕಾಡಿದ ಪ್ರಶ್ನೆ, ಈ ಮೂಕಿ ಚಿತ್ರಗಳಲ್ಲಿಯೂ ಇದ್ದೇ ಇತ್ತು.

ಅವರ ಕರ್ಮಭೂಮಿಯಾದುದು ಪುತ್ತೂರು. ಅಂದು ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿತ್ತು. ಶಿರೋಳವನ್ನೊಳಗೊಂಡ ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿತ್ತು. ಕನ್ನಡಿಗರು ಹೀಗೆ ಹರಿದು ಹಂಚಿಹೋಗಿದ್ದ ದಿನಗಳಲ್ಲಿ ಪುತ್ತೂರು ಅಡಿಕೆ ತೋಟಗಳ ನಡುವಿನ ಒಂದು ಚಿಕ್ಕ ತಾಲೂಕು ಕೇಂದ್ರ. ಸಹಕಾರ ಚಳುವಳಿಯ ಹಿರಿಯರಾದ ಮೊಳಹಳ್ಳಿ ಶಿವರಾಯರಂಥ ಸಜ್ಜನರ ಒತ್ತಾಸೆಯಿಂದ ಅಲ್ಲಿ ದಸರೆಯ ನಾಡಹಬ್ಬಗಳು ನಡೆದವು. ಉಪನ್ಯಾಸ, ಗಾಯನ, ನಾಟಕ, ನೃತ್ಯಗಳಿಂದ ಕೂಡಿದ ಈ ಹಬ್ಬಗಳ ಹಿಂದಿನ ಚೇತನ ಕಾರಂತರೇ. ದೊಡ್ಡ ಪಟ್ಟಣಗಳಲ್ಲಿ ಮಾತ್ರ ಕಲೆ ಬೆಳೆಯುತ್ತದೆಂಬ ಭ್ರಾಂತಿಯನ್ನು ಆ ಸಣ್ಣ ಊರಿನಲ್ಲಿ ಕುಳಿತೇ ಅವರು ಅಳಿಸಿದರು.

ಪುತ್ತೂರಿನ ಅಂಚಿನ ಗುಡ್ಡದ ಮೇಲೆ ೧೯೩೦ರ ದಶಕದಲ್ಲಿ ಮೈದಾಳಿದುದೇ ‘ಬಾಲವನ’. ಹೆಸರೇ ಹೇಳುವಂತೆ ಅದು ಮಕ್ಕಳ ವನ. ಬಾಯಿಪಾಠದ ಭಾರವಿಲ್ಲದೆ, ಬೆತ್ತದ ಭಯವಿಲ್ಲದೆ, ಮರಗಿಡ ಹಕ್ಕಿಗಳನ್ನು ನೋಡುತ್ತ, ಮಣ್ಣು ಬಣ್ಣಗಳನ್ನು ಮುಟ್ಟುತ್ತ, ಹಾಡುತ್ತ ಕುಣಿಯುತ್ತ ಮಗು ತಾನೇ ಕಲಿಯಬೇಕೆಂಬುದು ಅಲ್ಲಿಯ ಆಶಯ. ಬಂಗಾಳದಲ್ಲಿ ಕವಿ ರವೀಂದ್ರರು ಶಾಂತಿನಿಕೇತನದಲ್ಲಿ ನಡೆಸಿದ ಪ್ರಯೋಗ ಆಗಲೇ ದೇಶಕ್ಕೆಲ್ಲ ಪರಿಚಿತವಾಗಿತ್ತು. ಆದರೆ ರವೀಂದ್ರರಿಗಿದ್ದ ಮನೆತನದ ಸಂಪತ್ತಾಗಲಿ ಜಗತ್ತಿನ ಮನ್ನಣೆಯಾಗಲಿ ಕಾರಂತರಿಗೆ ಇರಲಿಲ್ಲ. ಬರೆದು ಗಳಿಸಿದುದನ್ನೇ ಅವರು ಬಾಲವನಕ್ಕೆ ಸುರಿಯಬೇಕಾಗಿತ್ತು. ಕುಣಿತಕ್ಕೂ ನಾಟಕಕ್ಕೂ ಅಲ್ಲಿ ಒಂದು ನಾಟ್ಯಶಾಲೆ ಎದ್ದಿತು. ಗುಮಾಸ್ತನ ಕೆಲಸವೂ ಗುರುವಿನ ಕೆಲಸವೂ ಒಬ್ಬರದೇ. ಹಾಡು ಬರೆಯುವವರು, ಕುಣಿತ ಹೊಂದಿಸುವವರು, ವೇಷದ ಬಣ್ಣ ಯೋಚಿಸುವವರು ಎಲ್ಲರೂ ಅವರೇ.

ಕಾರಂತರು ಯಾವ ನಾಟ್ಯಸಂಪ್ರದಾಯದ ಗುರುವಿನ ಬಳಿಯೂ ವಿಧಿವತ್ತಾಗಿ ಗೆಜ್ಜೆ ಕಟ್ಟಿ ಬೆಳೆದವರಲ್ಲ. ನೋಡಿ ಕಲಿತವರು; ಮಾಡಿ ತಿದ್ದಿಕೊಂಡವರು. ಆದುದರಿಂದಲೇ ಅವರ ಪಾಠದಲ್ಲಿ ಮುದ್ರೆಗಳ ಪಟ್ಟಿಗಿಂತ ಭಾವಕ್ಕೆ ಮೊದಲ ಸ್ಥಾನ. ಒಳಗಿನ ಭಾವ ತಾನಾಗಿ ಮೈಯಲ್ಲಿ ಹೊಮ್ಮಿ ಬಂದರೆ ಅದು ನೃತ್ಯ, ಭಾವವಿಲ್ಲದ ಲೆಕ್ಕಾಚಾರದ ಹೆಜ್ಜೆ ಬರಿಯ ಕಸರತ್ತು ಎಂಬುದು ಅವರ ನಿಲುವು. ‘ಕಿಸಾಗೋತಮಿ’, ‘ಮುಕ್ತದ್ವಾರ’ ಮೊದಲಾದ ಗೀತನಾಟಕಗಳನ್ನು ರಚಿಸಿ, ಮಾತಿನ ಬದಲಿಗೆ ಹಾಡು ಕುಣಿತಗಳಿಂದಲೇ ಕಥೆಯನ್ನು ನಡೆಸುವ ಹೊಸ ಹಾದಿಯನ್ನು ಕನ್ನಡದಲ್ಲಿ ತೆರೆದರು. ನಮ್ಮ ಭಾಗದಲ್ಲಿ ಆಗ ಗದಗಿನ ಗರೂಡ ಸದಾಶಿವರಾಯರ ಕಂಪನಿಯಂಥ ವೃತ್ತಿನಾಟಕ ಮಂಡಳಿಗಳ ವೈಭವದ ಕಾಲ. ಪರದೆ, ದೀಪ, ಸಂಭಾಷಣೆಗಳ ಆ ವೈಭವ ಒಂದು ತೆರ. ಪರದೆಯ ಹಂಗಿಲ್ಲದೆ ಮಕ್ಕಳ ಮೈಯನ್ನೇ ಮಾತಾಗಿಸಿದ ಪುತ್ತೂರಿನ ಈ ಪ್ರಯೋಗ ಇನ್ನೊಂದು ತೆರ.

ಅಂದಿನ ಸಮಾಜದಲ್ಲಿ ಇದು ಸುಲಭದ ಕೆಲಸವಾಗಿರಲಿಲ್ಲ. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಕುಣಿಯುವುದೆಂದರೆ ಜನ ಹುಬ್ಬು ಗಂಟಿಕ್ಕುತ್ತಿದ್ದ ಕಾಲವದು. ಮದರಾಸಿನ ಅಡ್ಯಾರಿನಲ್ಲಿ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲರು ಕಲಾಕ್ಷೇತ್ರವನ್ನು ಸ್ಥಾಪಿಸಿದುದು ೧೯೩೬ರಲ್ಲಿ. ಅವರಿಗೂ ನಿಂದೆ ತಪ್ಪಲಿಲ್ಲ. ಅದೇ ೧೯೩೬ರ ಮೇ ೬ರಂದು ಕಾರಂತರು ಲೀಲಾ ಆಳ್ವರನ್ನು ವಿವಾಹವಾದರು. ಅವರು ನೃತ್ಯ ನಾಟಕಗಳನ್ನು ಕಲಿಸಲು ಹೋಗುತ್ತಿದ್ದ ಶಾಲೆಯಲ್ಲಿ ಲೀಲಾ ವಿದ್ಯಾರ್ಥಿನಿ. ವರ ಬ್ರಾಹ್ಮಣ, ವಧು ಬಂಟ ಸಮಾಜದವಳು. ಕುಣಿತ ಕಲಿಸುವವನೆಂಬ ಆಕ್ಷೇಪಣೆಯ ಜೊತೆಗೆ ಜಾತಿ ಕೆಡಿಸಿದವನೆಂಬ ಆಕ್ಷೇಪಣೆಯೂ ಸೇರಿತು. ಜಾತಿಭೇದವನ್ನು ಮೀರಿದ ಮದುವೆಗಾಗಿ ಕಲ್ಯಾಣದಲ್ಲಿ ಶರಣರು ತೆತ್ತ ಬೆಲೆಯನ್ನು ಬಲ್ಲವರಿಗೆ ಈ ಧೈರ್ಯದ ತೂಕ ತಿಳಿಯದಿರದು. ಶ್ರೀಮತಿ ಲೀಲಾ ಅವರು ಪತಿಯ ಗೀತನಾಟಕಗಳಲ್ಲಿ ತಾವೂ ಕುಣಿದರು. ಮರಾಠಿಯಲ್ಲಿ ಮೊದಲ ಓದು ಕಲಿತಿದ್ದ ಅವರು ಮದುವೆಯ ಅನಂತರ ಕನ್ನಡವನ್ನು ಚೆನ್ನಾಗಿ ಅಭ್ಯಾಸ ಮಾಡಿ, ಹರಿ ನಾರಾಯಣ ಆಪಟೆಯವರ ಪ್ರಸಿದ್ಧ ಮರಾಠಿ ಕಾದಂಬರಿಯೊಂದನ್ನು ಕನ್ನಡಕ್ಕೆ ಅನುವಾದಿಸಿದರು. ಬಾಲವನದ ಸಂಸಾರದ ಭಾರವನ್ನು ಹೊತ್ತವರೂ ಅವರೇ.

ಕುಣಿತದಷ್ಟೇ ಕಾರಂತರನ್ನು ಸೆಳೆದುದು ಚಿತ್ರ. ಕನ್ನಡದಲ್ಲಿ ಕಲಾವಿಚಾರದ ಗ್ರಂಥಗಳೇ ವಿರಳವಾಗಿದ್ದ ೧೯೩೦ರಷ್ಟು ಹಿಂದೆಯೇ ಅವರು ‘ಭಾರತೀಯ ಚಿತ್ರಕಲೆ’ ಎಂಬ ಪುಸ್ತಕವನ್ನು ಹೊರತಂದಿದ್ದರು. ೧೯೩೬ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳು ಬಂದವು. ನಭೋಮಂಡಲದಿಂದ ಹಿಡಿದು ಹುಳುಹುಪ್ಪಟೆಗಳವರೆಗೆ ಜಗತ್ತಿನ ವಿಷಯಗಳನ್ನು ಕನ್ನಡ ಮಕ್ಕಳಿಗೆ ತಿಳಿಸುವ ಈ ವಿಶ್ವಕೋಶವನ್ನು ಒಬ್ಬ ವ್ಯಕ್ತಿ ಬರೆದರೆಂಬುದೇ ಒಂದು ವಿಸ್ಮಯ. ಅಕ್ಷರಕ್ಕೂ ಚಿತ್ರಕ್ಕೂ ಅಲ್ಲಿ ಸಮಾನವಾದ ಗೌರವ. ಚಿತ್ರವು ಪುಸ್ತಕದ ಅಲಂಕಾರವಲ್ಲ, ಮಗುವಿನ ಕಣ್ಣಿಗೆ ಅದೂ ಒಂದು ವಾಕ್ಯವೇ ಎಂಬುದನ್ನು ಅವರು ಅರಿತಿದ್ದರು. ಮುಂದೆ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆದಾಗಲೂ ಇದೇ ದೃಷ್ಟಿ.

ಕಾಣಬೇಕಾದುದನ್ನು ಕಾಲ್ನಡೆಯಲ್ಲಾದರೂ ಹೋಗಿ ಕಾಣುವುದು ಅವರ ಸ್ವಭಾವ. ಭಾರತದ ಶಿಲ್ಪಕ್ಷೇತ್ರಗಳನ್ನು ಸುತ್ತಿ ‘ಅಬುವಿನಿಂದ ಬರಾಮಕ್ಕೆ’ ಎಂಬ ಪ್ರವಾಸಗ್ರಂಥವನ್ನೂ, ಯುರೋಪಿನ ನಾಡುಗಳನ್ನು ಕಂಡುಬಂದು ‘ಅಪೂರ್ವ ಪಶ್ಚಿಮ’ವನ್ನೂ ಬರೆದರು. ಶಿರೋಳದ ಸೀಮೆಗೆ ದೂರವಲ್ಲದ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಚಾಲುಕ್ಯ ಶಿಲ್ಪವಂತೂ ಅವರ ಮನಸ್ಸನ್ನು ಸೂರೆಗೊಂಡಿತು. ಅದನ್ನು ಕುರಿತು ಪ್ರತ್ಯೇಕ ಗ್ರಂಥವನ್ನೇ ರಚಿಸಿದರು. ಬಾದಾಮಿಯ ಮೊದಲ ಗವಿಯ ಹೊರಬಂಡೆಯಲ್ಲಿ ಹದಿನೆಂಟು ತೋಳುಗಳ ನಟರಾಜನು ಕುಣಿಯುತ್ತ ನಿಂತಿದ್ದಾನೆ. ನಮ್ಮ ಮಕ್ಕಳು ಪ್ರವಾಸ ಹೋದಾಗ ತೋಳುಗಳನ್ನು ಎಣಿಸಿ ಬರುತ್ತಾರೆ. ಕುಣಿತ ಬಲ್ಲ ಕಣ್ಣಿಗೆ ಆ ಕಲ್ಲಿನಲ್ಲಿ ಸೊಂಟದ ಬಾಗು, ಪಾದದ ಲಯ ಕಾಣುತ್ತವೆ. ಹೀಗೆ ನಾಟ್ಯವನ್ನು ಬಲ್ಲವನಿಗೆ ಶಿಲ್ಪವೂ, ಶಿಲ್ಪವನ್ನು ಬಲ್ಲವನಿಗೆ ಚಿತ್ರವೂ ತೆರೆದುಕೊಳ್ಳುತ್ತವೆ. ಕಾರಂತರಲ್ಲಿ ಈ ಮೂರು ವಿದ್ಯೆಗಳೂ ಒಂದೇ ಬೇರಿನ ಕವಲುಗಳಾಗಿದ್ದವು.

ಬಾಲ್ಯದಲ್ಲಿ ಕಂಡ ಯಕ್ಷಗಾನದ ಋಣವನ್ನು ಅವರು ತೀರಿಸಿದುದು ಇದೇ ದೃಷ್ಟಿಯಿಂದ. ಹಳೆಯ ಪ್ರಸಂಗಗಳ ಪ್ರತಿಗಳನ್ನು ಹುಡುಕಿ, ವೃದ್ಧ ಭಾಗವತರನ್ನೂ ವೇಷಧಾರಿಗಳನ್ನೂ ಕಂಡು, ರಾಗ ತಾಳ ಕುಣಿತ ವೇಷಗಳನ್ನು ಕುರಿತು ದೀರ್ಘಕಾಲ ಸಂಶೋಧನೆ ನಡೆಸಿ ‘ಯಕ್ಷಗಾನ ಬಯಲಾಟ’ವೆಂಬ ಮಹತ್ತ್ವದ ಗ್ರಂಥವನ್ನು ಬರೆದರು. ಅದಕ್ಕೆ ೧೯೫೯ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಪಂಡಿತರು ಬಯಲಾಟವನ್ನು ಪಾಮರರ ವಿನೋದವೆಂದು ಕಡೆಗಣಿಸುತ್ತಿದ್ದ ಕಾಲದಲ್ಲಿ ಅದಕ್ಕೆ ವಿದ್ವತ್‌ಸಭೆಯಲ್ಲಿ ಪೀಠ ಹಾಕಿಸಿದ ಕೀರ್ತಿ ಈ ಗ್ರಂಥದ್ದು.

ಬರೆದುದಕ್ಕೇ ಅವರು ತೃಪ್ತರಾಗಲಿಲ್ಲ, ರಂಗಕ್ಕೇ ಇಳಿದರು. ಕಂಪನಿ ನಾಟಕಗಳ ಪ್ರಭಾವದಿಂದ ಬಂದ ಮಕಮಲ್ಲಿನ ಉಡುಪುಗಳನ್ನು ಬಿಟ್ಟು ಹಳೆಯ ವೇಷಭೂಷಣಗಳ ಬಣ್ಣವನ್ನೂ ಆಕಾರವನ್ನೂ ಮರಳಿ ತರಲು ಯತ್ನಿಸಿದರು. ಇಲ್ಲಿ ಚಿತ್ರಕಾರನ ಕಣ್ಣು ನಾಟ್ಯಗುರುವಿಗೆ ನೆರವಾಯಿತು. ಇರುಳಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿ, ಅರ್ಥಗಾರಿಕೆಯ ಮಾತನ್ನು ಕೈಬಿಟ್ಟು, ಹಾಡು ಕುಣಿತಗಳಿಂದಲೇ ‘ಅಭಿಮನ್ಯು’, ‘ನಳ ದಮಯಂತಿ’ಯಂಥ ಪ್ರಸಂಗಗಳನ್ನು ನೃತ್ಯರೂಪಕಗಳನ್ನಾಗಿಸಿದರು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನುಗಳನ್ನು ಸೇರಿಸಿದರು. ಹಿರಿಯಡಕ ಗೋಪಾಲರಾಯರಂಥ ಶ್ರೇಷ್ಠ ಮದ್ದಳೆಗಾರರು ಅವರೊಡನೆ ದುಡಿದರು. ಉಡುಪಿಯಲ್ಲಿ ಯಕ್ಷಗಾನ ಕೇಂದ್ರವು ಬೆಳೆಯುವುದಕ್ಕೆ ಅವರ ಮಾರ್ಗದರ್ಶನ ದೊರೆಯಿತು. ಯಕ್ಷರಂಗದ ತಂಡವು ದೇಶದ ಹೊರಗೂ ಹೋಗಿ ಕನ್ನಡದ ಕಲೆಯನ್ನು ತೋರಿಸಿತು. ಎಪ್ಪತ್ತು ದಾಟಿದ ವಯಸ್ಸಿನಲ್ಲಿಯೂ ಗುರುಗಳು ತಾವೇ ಎದ್ದು ಕುಣಿದು ಶಿಷ್ಯರಿಗೆ ಹೆಜ್ಜೆ ತೋರಿಸುತ್ತಿದ್ದರು.

ಈ ಪ್ರಯೋಗಗಳನ್ನು ಎಲ್ಲರೂ ಒಪ್ಪಿದರೆಂದಲ್ಲ. ಅರ್ಥಗಾರಿಕೆಯಿಲ್ಲದ ಆಟ ಜೀವವಿಲ್ಲದ ದೇಹದಂತೆ ಎಂದು ಅನೇಕ ಹಿರಿಯ ಕಲಾವಿದರು ವಾದಿಸಿದರು. ಒಂದೆಡೆ ಹಳೆಯ ವೇಷಕ್ಕಾಗಿ ಹೋರಾಡುವವರು ಇನ್ನೊಂದೆಡೆ ಪರದೇಶದ ವಾದ್ಯವನ್ನು ತರುವುದೇಕೆಂಬ ಪ್ರಶ್ನೆಯೂ ಎದ್ದಿತು. ಈ ಆಕ್ಷೇಪಣೆಗಳಲ್ಲಿ ಹುರುಳಿಲ್ಲವೆನ್ನಲಾಗದು. ಪುರಾಣದ ಸೂಕ್ಷ್ಮಗಳನ್ನು ಹಳ್ಳಿಗರಿಗೆ ತಿಳಿಯಹೇಳಿದ್ದು ಆ ಮಾತುಗಾರಿಕೆಯೇ ಅಲ್ಲವೆ? ಮೇಳಗಳ ಆಟದಲ್ಲಿ ಇಂದಿಗೂ ಮಾತು ಉಳಿದಿದೆ. ಜನ ಅದನ್ನು ಕೇಳಲೆಂದೇ ಬರುತ್ತಾರೆ. ಆದರೆ ಕುಣಿತವೊಂದರಿಂದಲೇ ಎಷ್ಟು ಹೇಳಬಹುದೆಂಬುದನ್ನು ಕನ್ನಡ ನಾಡು ಕಂಡುದು ಕಾರಂತರ ಹಟದಿಂದ. ಶಿಷ್ಯನು ಗುರುವನ್ನು ಒಪ್ಪದಿದ್ದರೂ ಗುರು ಎತ್ತಿದ ಪ್ರಶ್ನೆಯನ್ನು ಮರೆಯಲಾರದಂತಾದರೆ ಆ ಗುರುತ್ವ ಸಫಲವೇ ಸರಿ.

ಬಾಲವನದ ಕಥೆ ಇಷ್ಟು ಸುಖಾಂತವಲ್ಲ. ಮಕ್ಕಳ ಶಾಲೆಯಾಗಿ ಅದು ಬಹುಕಾಲ ಬಾಳಲಿಲ್ಲ. ಒಬ್ಬನ ಲೇಖನಿಯ ಆದಾಯದಿಂದ ಒಂದು ವಿದ್ಯಾಸಂಸ್ಥೆ ನಿಲ್ಲುವುದೆಂತು? ಕಲೆಯನ್ನೂ ಆಟವನ್ನೂ ವಿದ್ಯೆಯೆಂದು ಒಪ್ಪಿ ಮಕ್ಕಳನ್ನು ಕಳಿಸುವ ತಂದೆತಾಯಿಗಳು ವಿರಳ. ಬೆನ್ನ ಹಿಂದೆ ನಿಲ್ಲುವ ಮಠವಿಲ್ಲ, ಮಂಡಳಿಯಿಲ್ಲ. ಪ್ರಯೋಗ ನಿಂತಿತು, ಬಾಲವನ ಲೇಖಕರ ಮನೆಯಾಗಿ ಉಳಿಯಿತು. ಹಿರಿಯ ಮಗ ಹರ್ಷನ ಅಕಾಲ ಮರಣದ ದುಃಖವನ್ನೂ ಆ ದಂಪತಿಗಳು ಉಣ್ಣಬೇಕಾಯಿತು.

ಇದೇ ಕಾಲದಲ್ಲಿ ನಮ್ಮ ಗದಗಿನಲ್ಲಿ ನಡೆದುದನ್ನು ಇಲ್ಲಿ ನೆನೆಯುವುದು ಉಚಿತ. ಹುಟ್ಟುಕುರುಡರಾದ ಪಂಚಾಕ್ಷರ ಗವಾಯಿಗಳು ಹಾನಗಲ್ಲ ಕುಮಾರ ಮಹಾಸ್ವಾಮಿಗಳ ಕೃಪೆಯಿಂದ ಸಂಗೀತ ಕಲಿತು, ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಅನಾಥ ಮಕ್ಕಳಿಗೆ ಅನ್ನವಿಟ್ಟು ವಿದ್ಯೆಯನ್ನು ನೀಡಿದರು. ೧೯೪೪ರಲ್ಲಿ ಅವರು ಲಿಂಗೈಕ್ಯರಾದ ಮೇಲೂ ಪುಟ್ಟರಾಜ ಗವಾಯಿಗಳು ೨೦೧೦ರಲ್ಲಿ ತಾವು ಲಿಂಗೈಕ್ಯರಾಗುವವರೆಗೆ ಆ ದೀಪವನ್ನು ಕಾಯ್ದರು. ಅಲ್ಲಿಯೂ ಕಷ್ಟಕ್ಕೆ ಕೊರತೆಯಿರಲಿಲ್ಲ. ಆದರೆ ಜೋಳಿಗೆಗೆ ಧಾನ್ಯ ಹಾಕುವ ಸಾವಿರಾರು ಕೈಗಳಿದ್ದವು. ಗುರುವಿನ ಬಳಿಕ ಗುರುವೆಂಬ ಪರಂಪರೆಯಿತ್ತು. ಪ್ರತಿಭೆಯಲ್ಲಿ ಪುತ್ತೂರಿನ ಗುರು ಯಾರಿಗೂ ಕಡಿಮೆಯಲ್ಲ. ಅವರಿಗಿಲ್ಲದೆ ಹೋದುದು ಆ ಸಾವಿರ ಕೈಗಳ ಆಸರೆ ಒಂದೇ.

ಪುತ್ತೂರಿನ ದೀರ್ಘವಾಸವನ್ನು ಮುಗಿಸಿ ಕಾರಂತರು ತಮ್ಮ ಹುಟ್ಟೂರಿನ ನೆರೆಯ ಸಾಲಿಗ್ರಾಮದಲ್ಲಿ ನೆಲೆಸಿದರು. ಹಿಂದೆ ಚಿತ್ರವನ್ನು ಕುರಿತು ಬರೆದಿದ್ದವರು ಮುಪ್ಪಿನಲ್ಲಿ ತಾವೇ ಕುಂಚ ಹಿಡಿದರು. ತೈಲವರ್ಣಗಳಲ್ಲಿ ರೂಪಕ್ಕಿಂತ ಬಣ್ಣ ಗೆರೆಗಳ ಲಯಕ್ಕೇ ಪ್ರಾಧಾನ್ಯವುಳ್ಳ ಚಿತ್ರಗಳನ್ನು ಬರೆದು ಪ್ರದರ್ಶಿಸಿದರು. ಜಗತ್ತು ಮೆಚ್ಚಿದ ಕಾದಂಬರಿಕಾರನು ಆ ವಯಸ್ಸಿನಲ್ಲಿ ಹೊಸ ವಿದ್ಯೆಯ ಮುಂದೆ ಬಾಲಕನಂತೆ ನಿಲ್ಲಲು ನಾಚಲಿಲ್ಲ. ಬಾಲವನದ ನಿಜವಾದ ವಿದ್ಯಾರ್ಥಿ ಕೊನೆಯವರೆಗೂ ಅವರೇ ಆಗಿದ್ದರೆನ್ನಬಹುದು.

ಮನ್ನಣೆಗಳು ಬಂದವು. ೧೯೬೮ರಲ್ಲಿ ಪದ್ಮಭೂಷಣ, ೧೯೭೭ರಲ್ಲಿ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಜ್ಞಾನಪೀಠ, ಹಲವು ವಿಶ್ವವಿದ್ಯಾಲಯಗಳ ಗೌರವ ಡಾಕ್ಟರೇಟ್ ಪದವಿಗಳು. ೧೯೭೫ರ ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಅವರು ಪದ್ಮಭೂಷಣವನ್ನು ಸರ್ಕಾರಕ್ಕೆ ಹಿಂತಿರುಗಿಸಿದರು. ಪೂಜೆ ಆಚಾರಗಳಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ದೇವರ ವಿಷಯದಲ್ಲಿಯೂ ಪ್ರಶ್ನೆಯನ್ನು ಬಿಟ್ಟವರಲ್ಲ. ಶ್ರದ್ಧೆಯುಳ್ಳವರಿಗೆ ಇದು ಒಪ್ಪದಿರಬಹುದು. ಆದರೆ ನುಡಿದಂತೆ ನಡೆಯುವುದು, ದುಡಿದು ಉಣ್ಣುವುದು, ಹುಟ್ಟಿನಿಂದ ಯಾರನ್ನೂ ಅಳೆಯದಿರುವುದು, ಈ ಮೂರರಲ್ಲಿ ಅವರ ಬಾಳು ಶರಣರ ದಾರಿಗೆ ಬಹಳ ದೂರವಾಗಿರಲಿಲ್ಲ. ೧೯೩೩ರಲ್ಲಿ ಪ್ರಕಟವಾದ ‘ಚೋಮನ ದುಡಿ’ಯಲ್ಲಿ, ಬೇಸಾಯಕ್ಕೆ ಅಂಗೈಯಗಲ ಭೂಮಿಯೂ ದೊರೆಯದ ದಲಿತನೊಬ್ಬನು ತನ್ನ ದುಃಖವನ್ನೆಲ್ಲ ದುಡಿಯ ಬಡಿತದಲ್ಲಿ ಹೊರಹಾಕುತ್ತಾನೆ. ಬಡವನಿಗೂ ಕಲೆಯೆಂಬುದು ಉಸಿರೇ ಹೊರತು ಅಲಂಕಾರವಲ್ಲವೆಂದು ಕಂಡವನು ಮಾತ್ರ ಅಂಥ ಕೃತಿಯನ್ನು ಬರೆಯಬಲ್ಲ.

ನಾನೂರಕ್ಕೂ ಮಿಕ್ಕಿ ಕೃತಿಗಳನ್ನು ರಚಿಸಿ, ತೊಂಬತ್ತೈದು ವರ್ಷಗಳ ತುಂಬು ಬಾಳನ್ನು ಬಾಳಿ, ೧೯೯೭ರ ಡಿಸೆಂಬರ್ ೯ರಂದು ಕಾರಂತರು ಕೀರ್ತಿಶೇಷರಾದರು. ಅವರ ಬಾಲವನವು ಸ್ಮಾರಕವಾಗಿ ಉಳಿದಿದೆ. ಅವರ ಹೆಸರಿನಲ್ಲಿ ಅಲ್ಲಿ ಮತ್ತೆ ಮಕ್ಕಳು ಸೇರುವುದುಂಟು.

ಸ್ಮಾರಕ ಕಟ್ಟುವುದು ಸುಲಭ. ಬದುಕಿರುವಾಗ ಕೈಹಿಡಿಯುವುದು ಕಷ್ಟ. ಪ್ರತಿ ಊರಿನ ಶಾಲೆಯಲ್ಲಿಯೂ ಲೆಕ್ಕದ ಪುಸ್ತಕದ ಅಂಚಿನಲ್ಲಿ ನವಿಲು ಬರೆಯುವ ಹುಡುಗನೊಬ್ಬ, ಹಲಗೆಯ ಸದ್ದು ಕೇಳಿದೊಡನೆ ಕಾಲು ಕುಣಿಸುವ ಹುಡುಗಿಯೊಬ್ಬಳು ಇದ್ದೇ ಇರುತ್ತಾರೆ. ಅವರ ಕಿವಿ ಹಿಂಡದೆ, ಕೈಗೆ ಬಣ್ಣವನ್ನೂ ಕಾಲಿಗೆ ಗೆಜ್ಜೆಯನ್ನೂ ಕೊಡುವ ಗುರು ಬೇಕು. ಅಂಥ ಗುರು ದೊರೆತಾಗ ಅವನ ಬೆನ್ನಿಗೆ ನಿಲ್ಲುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಬೇಕು. ಪುತ್ತೂರಿನ ಗುಡ್ಡದ ಮೇಲೆ ಒಬ್ಬಂಟಿಯಾಗಿ ಹೊತ್ತಿಸಿದ ದೀಪಕ್ಕೆ ದೊರೆಯದೆ ಹೋದ ಎಣ್ಣೆಯನ್ನು ನಮ್ಮ ಊರುಗಳ ಶಾಲೆಗಳಲ್ಲಾದರೂ ಎರೆದರೆ, ಆ ಕಲಾಗುರುವಿಗೆ ಸಲ್ಲುವ ನಿಜವಾದ ನಮನ ಅದೇ ಆದೀತು.